ಬಿರುಕು ಬಿಟ್ಟ ಸೈಕಲ್ಲು: ಬೆಸುಗೆಯೋ, ಬದಲಿಯೋ?

ಸೈಕಲ್ಲಿನಲ್ಲಿ ಏನು ಕೆಟ್ಟರೂ ನಾವು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಟ್ಯೂಬ್ ಪಂಕ್ಚರ್ ಆದರೆ ಪ್ಯಾಚ್ ಹಾಕಿಸುತ್ತೇವೆ, ಟೈರ್ ಸವೆದರೆ ಹೊಸದು ಹಾಕಿಸುತ್ತೇವೆ, ಚೈನ್ ಕಳಚಿದರೆ ಕೈ ಕಪ್ಪು ಮಾಡಿಕೊಂಡು ನಾವೇ ಏರಿಸುತ್ತೇವೆ. ಬ್ರೇಕ್ ರಬ್ಬರ್, ಪೆಡಲ್, ಸೀಟ್ ಕವರ್ ಎಲ್ಲಕ್ಕೂ ಒಂದು ಬೆಲೆ ಇದೆ, ಒಂದು ಅಂಗಡಿ ಇದೆ. ಆದರೆ ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ಫ್ರೇಮ್‌ನಲ್ಲೇ ಬಿರುಕು ಕಂಡರೆ? ಬೆಸುಗೆ ಹಾಕಿಸುವುದೋ, ಫ್ರೇಮ್ ಬದಲಿಸುವುದೋ, ಸೈಕಲ್ಲನ್ನೇ ಗುಜರಿಗೆ ಕೊಡುವುದೋ?

ಕಳೆದ ಜುಲೈನಲ್ಲಿ ಈ ಪ್ರಶ್ನೆ ನನ್ನ ಮುಂದೆ ಬಂದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ನನ್ನ ಉತ್ತರ ಕಂಡುಕೊಳ್ಳಲು ಎಂಟು ದಿನ ಬೇಕಾಯಿತು. ಆ ಎಂಟು ದಿನಗಳಲ್ಲಿ ತಿಳಿದದ್ದು, ರೂಮು, ಹಾಸ್ಟೆಲ್, ಪಿ.ಜಿ.ಗಳಲ್ಲಿದ್ದುಕೊಂಡು ಸೈಕಲ್ ತುಳಿಯುವ ನನ್ನಂಥವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಎಂಟನೇ ತರಗತಿಯ ಸೈಕಲ್ಲು

ನನ್ನದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಬೈಸಿಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು. 2014ರಲ್ಲಿ ನನಗೂ ಒಂದು ಸಿಕ್ಕಿತು. ಹೈಸ್ಕೂಲು ಐದು ಕಿಲೊಮೀಟರ್ ದೂರದ ಊರಿನಲ್ಲಿತ್ತು. ಮೂರು ವರ್ಷ ಅದರ ಮೇಲೆಯೇ ಹೋಗಿ ಬಂದೆ. ಬಿ.ಎಸ್ಸಿ. ಮುಗಿಸಿ ಧಾರವಾಡಕ್ಕೆ ಬರುವಾಗ ಊರಿನ ಟೆಂಪೊ ಒಂದರಲ್ಲಿ ಹಾಸಿಗೆ, ಪುಸ್ತಕಗಳ ಜೊತೆ ಅದನ್ನೂ ಹಾಕಿಸಿಕೊಂಡು ಬಂದೆ.

ಈಗ ಸಪ್ತಾಪುರದಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದೇನೆ. ಹಗಲೆಲ್ಲ ಲೈಬ್ರರಿಯಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗಳ ಓದು. ಸಂಜೆ ಐದರಿಂದ ಎಂಟೂವರೆಯವರೆಗೆ ಮೂರು ಮನೆಗಳಲ್ಲಿ ಟ್ಯೂಷನ್. ಒಂದೊಂದು ಮನೆಯಿಂದ 1,800 ರೂಪಾಯಿಯಂತೆ ತಿಂಗಳಿಗೆ 5,400 ರೂಪಾಯಿ ಬರುತ್ತದೆ. ಬಾಡಿಗೆ, ಊಟ, ಲೈಬ್ರರಿ ಫೀಸು, ಅರ್ಜಿ ಶುಲ್ಕ ಎಲ್ಲ ಅದರಲ್ಲೇ ಆಗಬೇಕು. ಮೂರು ಮನೆಗಳು ಮೂರು ದಿಕ್ಕಿಗಿವೆ. ದಿನಕ್ಕೆ ಹತ್ತಿರ ಹತ್ತಿರ 12 ಕಿಲೊಮೀಟರ್ ತುಳಿಯಬೇಕು.

‘ಬಸ್ ಫ್ರೀ ಐತೆಲ್ಲಾ, ಈ ಸೈಕಲ್ ಯಾಕ ಬೇಕು?’ ಎಂದು ರೂಮಿನ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣಕ್ಕೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಎರಡು ದಿನ ಬಸ್ಸಿನಲ್ಲೇ ಹೋಗಿ ನೋಡಿದೆ. ಮೊದಲ ಮನೆಗೆ ತೊಂದರೆಯಿಲ್ಲ. ಎರಡನೆಯದರಿಂದ ಮೂರನೆಯದಕ್ಕೆ ನೇರ ಬಸ್ಸಿಲ್ಲ. ಇಳಿದು, ಕಾದು, ಮತ್ತೆ ಹತ್ತಿ, ಓಣಿಯೊಳಗೆ ನಡೆದು ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ತಡ. ಬಸ್ಸನ್ನೇ ನಂಬಿದರೆ ಒಂದು ಟ್ಯೂಷನ್ ಬಿಡಬೇಕು, ಅಂದರೆ ತಿಂಗಳಿಗೆ 1,800 ರೂಪಾಯಿ ಕಡಿಮೆ. ಸೈಕಲ್ ಇಲ್ಲದೆ ನಡೆಯುವುದಿಲ್ಲ ಎಂಬುದು ಹೀಗೆ ಮೊದಲು ಖಚಿತವಾಯಿತು. ಯಾವ ವಸ್ತುವನ್ನೇ ಆಗಲಿ ರಿಪೇರಿ ಮಾಡಿಸುವ ಮೊದಲು ಅದು ನಮಗೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಟಕ್ ಎನ್ನುವ ಸದ್ದು

ಬಿರುಕು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿಸಿತು. ಏರಿನಲ್ಲಿ ಒತ್ತಿ ತುಳಿದಾಗಲೆಲ್ಲ ‘ಟಕ್’ ಎಂಬ ಸದ್ದು. ಧಾರವಾಡದಲ್ಲಿ ಏರಿಳಿತಕ್ಕೆ ಬರವಿಲ್ಲ, ಆದ್ದರಿಂದ ಸದ್ದಿಗೂ ಬರವಿರಲಿಲ್ಲ. ಪೆಡಲ್ ಸಡಿಲವಾಗಿರಬಹುದೆಂದು ಬಿಗಿ ಮಾಡಿಸಿದೆ, ಸೀಟಿನ ನಟ್ಟು ತಿರುವಿಸಿದೆ. ಸದ್ದು ನಿಲ್ಲಲಿಲ್ಲ. ಆಮೇಲೆ ಚೈನ್ ತನ್ನ ಕವರಿಗೆ ತಾಗಿ ಉಜ್ಜತೊಡಗಿತು.

ಒಂದು ಭಾನುವಾರ ಸೈಕಲ್ಲನ್ನು ತಲೆಕೆಳಗು ಮಾಡಿ, ಹಳೆಯ ಬಟ್ಟೆಯಿಂದ ಕೆಸರೆಲ್ಲ ಒರೆಸಿ ನೋಡಿದೆ. ಪೆಡಲ್‌ಗಳ ಅಚ್ಚು ಕೂರುವ ದಪ್ಪ ಗುಂಡಿನಿಂದ ಹಿಂದಿನ ಚಕ್ರಕ್ಕೆ ಎರಡು ಕೊಳವೆಗಳು ಹೋಗುತ್ತವೆ. ಅವುಗಳಲ್ಲಿ ಚೈನ್ ಇರುವ ಕಡೆಯ ಕೊಳವೆಯ ತಳಭಾಗದಲ್ಲಿ, ಅಚ್ಚಿನ ಗುಂಡಿನ ಪಕ್ಕದಲ್ಲೇ ಬಣ್ಣ ಸುಕ್ಕುಗಟ್ಟಿ ಒಡೆದಿತ್ತು. ಒಡೆದ ಜಾಗದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ, ತುಕ್ಕಿನ ಬಣ್ಣದ ಗೆರೆ.

ಅದು ಬರೀ ಬಣ್ಣದ ಗೀರೋ, ಲೋಹದ ಬಿರುಕೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಜಾಗವನ್ನು ಚೆನ್ನಾಗಿ ಒರೆಸಿ ಸೀಮೆಎಣ್ಣೆಯನ್ನೋ ತೆಳುವಾದ ಮಷಿನ್ ಎಣ್ಣೆಯನ್ನೋ ಸವರಿ ಹದಿನೈದು ನಿಮಿಷ ಬಿಡಬೇಕು. ನಂತರ ಒಣಬಟ್ಟೆಯಿಂದ ಪೂರ್ತಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ನಿಧಾನಕ್ಕೆ ಹೊರಬಂದು ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡಿಸುತ್ತದೆ. ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಗಾಲಿಯ ಅಚ್ಚುಗಳನ್ನು ಪರೀಕ್ಷಿಸುತ್ತಿದ್ದುದು ಇದೇ ತತ್ವದಿಂದ. ಟ್ಯೂಷನ್ ಮೇಡಂ ಬ್ಯಾಗಿನಲ್ಲಿ ಸೀಮೆಸುಣ್ಣಕ್ಕೆ ಕೊರತೆಯಿರಲಿಲ್ಲ. ಗೆರೆ ಮೂಡಿತು. ಕೊಳವೆಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಇತ್ತು.

ಲೋಹಕ್ಕೂ ದಣಿವು

ಬೀಳಲಿಲ್ಲ, ಯಾರಿಗೂ ಗುದ್ದಲಿಲ್ಲ, ಆದರೂ ಕಬ್ಬಿಣ ಯಾಕೆ ಬಿರುಕು ಬಿಟ್ಟಿತು? ಭೌತಶಾಸ್ತ್ರ ಓದಿದ್ದರಿಂದ ಉತ್ತರ ಪುಸ್ತಕದಲ್ಲಿ ಗೊತ್ತಿತ್ತು, ಅದನ್ನು ನನ್ನದೇ ಸೈಕಲ್ಲಿನಲ್ಲಿ ನೋಡಿದ್ದು ಇದೇ ಮೊದಲು. ಒಂದು ತಂತಿಯನ್ನು ಒಂದೇ ಸಲ ಎಳೆದು ತುಂಡು ಮಾಡುವುದು ಕಷ್ಟ. ಅದೇ ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಮುರಿಯುತ್ತದೆ. ಸಣ್ಣ ಹೊರೆಯೇ ಆದರೂ ಲಕ್ಷಾಂತರ ಸಲ ಬಿದ್ದರೆ ಲೋಹ ದಣಿಯುತ್ತದೆ.

1842ರಲ್ಲಿ ಪ್ಯಾರಿಸ್ ಸಮೀಪದ ವರ್ಸೈ ರೈಲು ಮಾರ್ಗದಲ್ಲಿ ಎಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಮಂದಿ ಸತ್ತರು. ಚೆನ್ನಾಗಿಯೇ ಕಾಣುತ್ತಿದ್ದ ಅಚ್ಚುಗಳು ಇದ್ದಕ್ಕಿದ್ದಂತೆ ಯಾಕೆ ಮುರಿಯುತ್ತವೆ ಎಂಬ ಪ್ರಶ್ನೆಯನ್ನು ನಂತರ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ಮಾಡಿ ಬಿಡಿಸಿದರು. ಉಕ್ಕಿನ ಮೇಲೆ ಬೀಳುವ ಹೊರೆ ಒಂದು ಮಿತಿಯೊಳಗಿದ್ದರೆ ಅದು ಎಷ್ಟು ಲಕ್ಷ ಸಲ ಬಿದ್ದರೂ ತಡೆದುಕೊಳ್ಳುತ್ತದೆ, ಮಿತಿ ದಾಟಿದರೆ ಪ್ರತಿ ಸಲವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅವರ ಕೆಲಸದಿಂದ ತಿಳಿಯಿತು.

ನಾನೂ ನನ್ನ ಲೆಕ್ಕ ಮಾಡಿದೆ. ಒಂದು ಸುತ್ತು ಪೆಡಲ್ ತುಳಿದರೆ ನನ್ನ ಸೈಕಲ್ ಸುಮಾರು 5 ಮೀಟರ್ ಹೋಗುತ್ತದೆ. 12 ಕಿಲೊಮೀಟರಿಗೆ 2,400 ಸುತ್ತು. ಸುತ್ತಿಗೆ ಎರಡು ಒತ್ತು, ವರ್ಷಕ್ಕೆ 300 ದಿನ ಎಂದರೆ 14 ಲಕ್ಷಕ್ಕೂ ಹೆಚ್ಚು ಒತ್ತು. ಇಳಿಜಾರಿನಲ್ಲಿ ತುಳಿಯದೆ ಸಾಗುವುದನ್ನು ಕಳೆದರೂ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಪ್ರತಿ ಒತ್ತಿಗೂ ಚೈನ್ ಎಳೆಯುವುದು ಆ ಬಲಗಡೆಯ ಕೊಳವೆಯ ಪಕ್ಕದಲ್ಲೇ. ಜೊತೆಗೆ ಮಳೆಗಾಲದಲ್ಲಿ ಚೈನ್ ಕವರಿನೊಳಗೆ ಸೇರುವ ಕೆಸರು ಕೊಳವೆಗೆ ಅಂಟಿ ಕೂತು ತುಕ್ಕಿನ ಚಿಕ್ಕ ಗುಳಿ ಮಾಡಿತ್ತು. ಬಿರುಕು ಹುಟ್ಟಲು ಅಂಥ ಒಂದು ಗುಳಿ ಸಾಕು.

ನಾಲ್ಕು ಬಾಯಿ, ನಾಲ್ಕು ಮಾತು

ಮೊದಲು ಹೋದದ್ದು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗೆ. ‘ಹತ್ತು ನಿಮಿಷದ ಕೆಲಸ ರೀ ಮೇಡಂ, 150 ಕೊಡ್ರಿ’ ಎಂದರು. ಎರಡನೆಯದು ಸೈಕಲ್ ಮಾರುವ ಅಂಗಡಿ. ‘ಈ ಮಾಡೆಲ್ ಫ್ರೇಮ್ ಈಗ ಎಲ್ಲಿ ಸಿಗತೈತ್ರಿ? ಅಳತಿಗೆ ಹತ್ತಿರದ ಫ್ರೇಮ್ ತರಿಸಿದ್ರ 1,900, ಎಲ್ಲಾ ಬಿಚ್ಚಿ ಜೋಡಸಾಕ ಮತ್ತ 500. ಅದಕಿಂತ 6,200 ಕೊಟ್ಟು ಹೊಸಾ ಸೈಕಲ್ ತಗೋರಿ’ ಎಂದರು. ಗುಜರಿಯವರು ತೂಕ ಹಾಕದೆಯೇ 400 ಎಂದರು. ಫೋನಿನಲ್ಲಿ ಅವ್ವ, ‘ಹೆಸರು ಮಾರಿದ ಮ್ಯಾಲ ರೊಕ್ಕ ಕಳಸ್ತೀನಿ, ಹೊಸಾದ ತಗೊ. ಬಿದ್ದು ಕೈಕಾಲು ಮುರಕೋಬ್ಯಾಡ’ ಎಂದಳು. ಆ ವರ್ಷದ ಹೆಸರು ಇನ್ನೂ ಹೊಲದಲ್ಲಿತ್ತು. ಮಾರಿದ ಮೇಲೆ ಆ ದುಡ್ಡಿಗೆ ಎಷ್ಟು ಕಡೆ ದಾರಿ ಇದೆ ಎಂಬುದೂ ನನಗೆ ಗೊತ್ತಿತ್ತು.

ಕೊನೆಗೆ ಮಾರ್ಕೆಟ್ ಹತ್ತಿರದ ಹಳೆಯ ಸೈಕಲ್ ಅಂಗಡಿಯ ಚಾಚಾ ಹತ್ತಿರ ಹೋದೆ. ನಲವತ್ತು ವರ್ಷದಿಂದ ಇದೇ ಕೆಲಸ. ಅವರು ಬೆಲೆ ಹೇಳಲಿಲ್ಲ. ಸೈಕಲ್ ಮಲಗಿಸಿ, ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

‘ರೊಕ್ಕದ ಮಾತು ಆಮ್ಯಾಲ. ಮುರದ್ರ ನೀ ಎಲ್ಲಿ ಬೀಳ್ತಿ, ಅದನ್ನ ಮೊದಲ ನೋಡಬೇಕವಾ’ ಎಂದರು.

ಚಾಚಾ ಕೇಳಿದ ಮೂರು ಪ್ರಶ್ನೆ

ಅವತ್ತು ಅವರು ನೋಡಿದ ಕ್ರಮವನ್ನು ನಾನು ಮೂರು ಪ್ರಶ್ನೆಗಳಾಗಿ ಬರೆದಿಟ್ಟುಕೊಂಡಿದ್ದೇನೆ.

ಮೊದಲನೆಯದು, ಯಾವ ಲೋಹ? ಅಯಸ್ಕಾಂತ ಅಂಟಿದರೆ ಉಕ್ಕು. ಅಂಟದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ, ಜನ ‘ಅಲಾಯ್’ ಎನ್ನುವುದು ಅದನ್ನೇ. ತೀರಾ ದುಬಾರಿ ಸೈಕಲ್ಲಾದರೆ ಕಾರ್ಬನ್. ಉಕ್ಕಾದರೆ ರಿಪೇರಿಯ ಬಾಗಿಲು ತೆರೆದಿದೆ ಎಂದರ್ಥ. ಉಕ್ಕಿನ ಕೊಳವೆಯನ್ನು ಗ್ಯಾಸಿನಲ್ಲಿ ಕಾಯಿಸಿ ಹಿತ್ತಾಳೆ ಕಡ್ಡಿಯಿಂದ ಬೆಸೆಯಬಹುದು. ಹಳೆಯ ಸೈಕಲ್ಲುಗಳ ಫ್ರೇಮ್‌ಗಳನ್ನು ಜೋಡಿಸಿದ್ದೇ ಹೀಗೆ.

ಎರಡನೆಯದು, ಬಿರುಕು ಎಲ್ಲಿದೆ? ಹ್ಯಾಂಡಲ್ ಕೂರುವ ಕೊಳವೆಯ ಬುಡದಲ್ಲೋ, ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲೋ ಇದ್ದರೆ ಅದು ಅಪಾಯದ ಜಾಗ. ಅಲ್ಲಿ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ, ಕೈ ಚಾಚಲೂ ಸಮಯವಿರುವುದಿಲ್ಲ. ಫೋರ್ಕಿಗೆ ಬೆಸುಗೆ ಹಾಕುವುದೇ ಇಲ್ಲ, ಬದಲಿಸುವುದೇ ಎಂದು ಚಾಚಾ ಖಡಾಖಂಡಿತ ಹೇಳಿದರು. ಹಿಂದಿನ ಕೊಳವೆ ಎರಡಿರುತ್ತವೆ. ಒಂದು ಹೋದರೂ ಇನ್ನೊಂದು ಸ್ವಲ್ಪ ಹೊತ್ತು ಹಿಡಿದಿರುತ್ತದೆ. ಚಕ್ರ ವಾಲುತ್ತದೆ, ಬ್ರೇಕ್ ತಾಗುತ್ತದೆ, ಚೈನ್ ಬೀಳುತ್ತದೆ. ಇಳಿಯಲು ಸಮಯ ಸಿಗುತ್ತದೆ. ನನ್ನ ಬಿರುಕು ಇದ್ದದ್ದು ಅಲ್ಲಿ.

ಮೂರನೆಯದು, ಯಾಕೆ ಬಿಟ್ಟಿತು? ಅಪಘಾತದಲ್ಲಿ ಫ್ರೇಮ್ ಬಾಗಿದ್ದರೆ ಬಿರುಕೊಂದನ್ನೇ ಬೆಸೆದು ಪ್ರಯೋಜನವಿಲ್ಲ. ಅದಕ್ಕೆ ದಾರದ ಪರೀಕ್ಷೆ ಇದೆ. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕಡೆಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಅಳೆದು ನೋಡಬೇಕು. ಎರಡೂ ಸಮವಿದ್ದರೆ ಫ್ರೇಮ್ ನೆಟ್ಟಗಿದೆ. ನನ್ನದರಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್‌ನಷ್ಟು ಮಾತ್ರ ಇತ್ತು. ಆಮೇಲೆ ಅವರು ಪೆಡಲ್‌ಗಳ ಅಚ್ಚನ್ನು ಬಿಚ್ಚಿ ಒಳಗೆ ಬ್ಯಾಟರಿ ಬಿಟ್ಟು ನೋಡಿದರು. ಸೀಟಿನ ಕೊಳವೆಯಿಂದ ಇಳಿದ ಮಳೆನೀರು ಬಂದು ನಿಲ್ಲುವುದು ಅಲ್ಲಿಯೇ. ಬಿರುಕಿನ ಸುತ್ತ ದಬ್ಬಳದಿಂದ ಒತ್ತಿ ಒತ್ತಿ ನೋಡಿದರು. ತುಕ್ಕು ಮೇಲ್ಮೈಯಲ್ಲಿತ್ತು, ಲೋಹ ಗಟ್ಟಿಯಾಗಿತ್ತು. ದಬ್ಬಳ ಒಳಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತುಕ್ಕು ತಿಂದು ತೆಳ್ಳಗಾದ ಕೊಳವೆಗೆ ಬೆಸುಗೆ ಹಾಕಿದರೆ ಬೆಸುಗೆ ಉಳಿಯುತ್ತದೆ, ಪಕ್ಕದ ಕೊಳವೆ ಹೋಗುತ್ತದೆ.

ಹಾಗಾದರೆ ಗೇಟಿನ ಅಂಗಡಿಯ 150 ರೂಪಾಯಿಯ ಬೆಸುಗೆ ಯಾಕೆ ಬೇಡ? ಸೈಕಲ್ಲಿನ ಕೊಳವೆಯ ದಪ್ಪ ಒಂದು, ಒಂದೂವರೆ ಮಿಲಿಮೀಟರ್ ಅಷ್ಟೇ. ಗೇಟಿನ ದಪ್ಪ ಕಬ್ಬಿಣಕ್ಕೆ ಇಟ್ಟ ಕರೆಂಟಿನಲ್ಲಿ ಅದನ್ನು ಬೆಸೆಯಲು ಹೋದರೆ ತೂತು ಬೀಳುತ್ತದೆ, ಇಲ್ಲವೇ ಮೇಲೆ ಗಂಟು ಕೂತು ಒಳಗೆ ಹಿಡಿತವೇ ಇರುವುದಿಲ್ಲ. ತೆಳು ಕೊಳವೆಯ ಕೆಲಸ ಗೊತ್ತಿರುವವರು ಮಾಡಿದರೆ ಕರೆಂಟ್ ವೆಲ್ಡಿಂಗೂ ನಿಲ್ಲುತ್ತದೆ. ಯಂತ್ರಕ್ಕಿಂತ ಕೈ ಮುಖ್ಯ.

ದುಬಾರಿ ಸೈಕಲ್ಲಿನ ಕಥೆ

ಇದೇ ಹೊತ್ತಿಗೆ ನಮ್ಮ ಲೈಬ್ರರಿಯ ಗೆಳೆಯನೊಬ್ಬನ ಗೇರ್ ಸೈಕಲ್ಲಿನಲ್ಲೂ ಬಿರುಕು ಕಂಡಿತು. ಗದಗ ಕಡೆಯ ಹುಡುಗ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುತ್ತಿದ್ದಾನೆ. 7,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಕೊಂಡ ಅಲ್ಯೂಮಿನಿಯಂ ಫ್ರೇಮ್. ನನ್ನದಕ್ಕಿಂತ ಹಗುರ, ಚೆಂದ, ಬೆಲೆಯೂ ಹೆಚ್ಚು. ನನ್ನ ಸೈಕಲ್ಲನ್ನು ರಿಪೇರಿ ಮಾಡಬಹುದಾದರೆ ಅವನದನ್ನು ಖಂಡಿತ ಮಾಡಬಹುದು ಎಂದುಕೊಂಡು ಇಬ್ಬರೂ ಚಾಚಾ ಹತ್ತಿರ ಹೋದೆವು. ಅವರು ನೋಡಿದ ಕೂಡಲೇ ತಲೆ ಅಲ್ಲಾಡಿಸಿದರು.

ಕಾರಣ ಎರಡು. ಒಂದು, ಜಾಗ. ಬಿರುಕು ಹ್ಯಾಂಡಲ್ ಕೊಳವೆಯ ಬುಡದಲ್ಲೇ ಇತ್ತು. ಇನ್ನೊಂದು, ಲೋಹ. ಸೈಕಲ್ಲುಗಳಿಗೆ ಹೆಚ್ಚಾಗಿ ಬಳಸುವ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ಶಾಖದ ಹದದಿಂದ. ಕಾರ್ಖಾನೆಯಲ್ಲಿ ಫ್ರೇಮ್ ಬೆಸೆದ ಮೇಲೆ ಅದನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡುತ್ತಾರೆ. ಆಮೇಲೆ ಯಾರಾದರೂ ಬೆಸುಗೆ ಹಾಕಿದರೆ ಆ ಜಾಗದ ಹದ ಹೋಗುತ್ತದೆ, ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇಡೀ ಫ್ರೇಮನ್ನು ಮತ್ತೆ ಹದ ಮಾಡುವ ಕುಲುಮೆ ನಮ್ಮ ಓಣಿಗಳಲ್ಲಿ ಎಲ್ಲಿದೆ? ಅಲ್ಲದೆ, ಇಷ್ಟು ಹೊರೆಯೊಳಗೆ ಎಂದೆಂದಿಗೂ ಸುರಕ್ಷಿತ ಎನ್ನುವ ಮಿತಿ ಉಕ್ಕಿಗಿದೆ, ಅಲ್ಯೂಮಿನಿಯಂಗೆ ಇಲ್ಲ. ‘ಕಬ್ಬಿಣ ಹೋಗೂ ಮುಂದ ಬಾಗಿ ಹೇಳತೈತಿ. ಇದು ಹೇಳದ ಕೇಳದ ಹೋಗತೈತಿ’ ಎಂದರು ಚಾಚಾ.

ಗೆಳೆಯನಿಗೆ ಒಪ್ಪಿಕೊಳ್ಳಲು ಕಷ್ಟವಾಯಿತು. 600 ರೂಪಾಯಿಗೆ ಅಲ್ಯೂಮಿನಿಯಂ ಬೆಸೆದು ಕೊಡುತ್ತೇವೆ ಎಂದವರು ಬೇರೆ ಇದ್ದರು. ಕಂಪನಿಯ ಖಾತರಿ ಕೇಳೋಣವೆಂದರೆ ಅದು ಮೊದಲ ಖರೀದಿದಾರರಿಗೆ ಮಾತ್ರ. ಎರಡು ದಿನ ಲೈಬ್ರರಿಯ ಹೊರಗೆ ಚಹಾ ಕುಡಿಯುತ್ತ ಇದೇ ಮಾತು. ಕೊನೆಗೆ ಅವನೇ ಹೇಳಿದ: ‘1600 ಮೀಟರ್ ಓಡಬೇಕಾದ ಕಾಲು ಇವು. ಭುಜದ ಎಲುಬು ಮುರದ್ರ ಈ ವರ್ಷದ ಫಿಸಿಕಲ್ ಹೋಯ್ತು. 600 ರೂಪಾಯಿ ಉಳಸಾಕ ಹೋಗಿ ಒಂದು ವರ್ಷ ಕಳಕೊಳ್ಳೂದು ಬ್ಯಾಡ.’

ಅವನು ಫ್ರೇಮ್ ಮಾತ್ರ ಬದಲಿಸಿದ. ಬಳಸಿದ, ಆದರೆ ನೆಟ್ಟಗಿದ್ದ ಒಂದು ಉಕ್ಕಿನ ಫ್ರೇಮ್ 900 ರೂಪಾಯಿಗೆ ಸಿಕ್ಕಿತು. ಚಕ್ರ, ಹ್ಯಾಂಡಲ್, ಹಿಂದಿನ ಗೇರು, ಪೆಡಲ್ ಎಲ್ಲವನ್ನೂ ಅದಕ್ಕೆ ವರ್ಗಾಯಿಸಿದರು. ಸೀಟಿನ ಕಂಬ ಹೊಂದಲಿಲ್ಲ, ಮುಂದಿನ ಗೇರಿನ ಹಿಡಿಕೆ ಹೊಂದಲಿಲ್ಲ, ಅಚ್ಚಿನ ಬೇರಿಂಗ್ ಹೊಸದು ಬೇಕಾಯಿತು. ಕೂಲಿ ಸೇರಿ ಒಟ್ಟು 2,150 ಆಯಿತು. ಫ್ರೇಮ್ ಬದಲಿಸುವವರು ಗಮನಿಸಬೇಕಾದದ್ದು ಇದು: ಫ್ರೇಮಿನ ಬೆಲೆ ಒಂದೇ ಬೆಲೆಯಲ್ಲ. ಸೀಟ್ ಕೊಳವೆಯ ಅಳತೆ, ಹ್ಯಾಂಡಲ್ ಕೊಳವೆಯ ಅಳತೆ, ಅಚ್ಚಿನ ಗುಂಡಿನ ಅಳತೆ, ಚಕ್ರದ ಅಳತೆ, ಬ್ರೇಕಿನ ಬಗೆ ಈ ಐದನ್ನು ಮೊದಲೇ ಹೊಂದಿಸಿ ನೋಡದಿದ್ದರೆ ಸಣ್ಣ ಸಣ್ಣ ಸಾಮಾನುಗಳೇ ಫ್ರೇಮಿಗಿಂತ ಹೆಚ್ಚಾಗಬಹುದು.

ದುಡ್ಡಿನ ಲೆಕ್ಕ

ಚಾಚಾ ನನ್ನ ಸೈಕಲ್ಲಿಗೆ ಹೇಳಿದ್ದು 450 ರೂಪಾಯಿ. ನಾನು ಲೆಕ್ಕ ಹಾಕಿದ್ದು ಹೀಗೆ. 6,200ರ ಹೊಸ ಸೈಕಲ್ ಆರು ವರ್ಷ ಬಾಳುತ್ತದೆ ಎಂದುಕೊಂಡರೆ ತಿಂಗಳಿಗೆ ಸುಮಾರು 86 ರೂಪಾಯಿ ಬಿತ್ತು. ರಿಪೇರಿಯ 450ನ್ನು 86ರಿಂದ ಭಾಗಿಸಿದರೆ ಐದು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಅಂದರೆ ಬೆಸುಗೆ ಅಷ್ಟು ಕಾಲ ಬಾಳಿದರೆ ನನಗೆ ನಷ್ಟವಿಲ್ಲ, ಅದರಾಚೆಗಿನ ಪ್ರತಿ ತಿಂಗಳೂ ಉಳಿತಾಯ.

ಲೆಕ್ಕದಲ್ಲಿ ಎರಡು ವಿಷಯಗಳನ್ನು ಬೇಕೆಂದೇ ಸೇರಿಸಲಿಲ್ಲ. ಎರಡು ತಿಂಗಳ ಹಿಂದೆ ಟೈರ್, ಬ್ರೇಕ್ ಎಂದು 900 ರೂಪಾಯಿ ಹಾಕಿದ್ದೆ. ‘ಅಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ’ ಎಂದು ಮನಸ್ಸು ಹೇಳುತ್ತದೆ. ಆದರೆ ಆಗಲೇ ಖರ್ಚಾದ ದುಡ್ಡು ಫ್ರೇಮನ್ನು ಗಟ್ಟಿ ಮಾಡುವುದಿಲ್ಲ. ಇನ್ನೊಂದು, ಎಂಟನೇ ತರಗತಿಯಿಂದ ಜೊತೆಗಿದ್ದ ಸೈಕಲ್ ಎಂಬ ಪ್ರೀತಿ. ಪ್ರೀತಿಯಿದ್ದರೆ ಗೋಡೆಗೆ ಒರಗಿಸಿ ಇಟ್ಟುಕೊಳ್ಳಬಹುದು. ಅದರ ಮೇಲೆ ಕತ್ತಲಲ್ಲಿ ಇಳಿಜಾರು ಇಳಿಯಲು ಪ್ರೀತಿಯೊಂದೇ ಸಾಲದು. ಬಿರುಕು ಹ್ಯಾಂಡಲ್ ಬುಡದಲ್ಲಿದ್ದಿದ್ದರೆ ನಾನು ಈ ಲೆಕ್ಕವನ್ನೇ ಹಾಕುತ್ತಿರಲಿಲ್ಲ. ದುಡ್ಡಿನ ಲೆಕ್ಕ ಶುರುವಾಗುವುದು ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾದ ಮೇಲೆ.

ಬೆಸುಗೆಯ ದಿನ

ಚಾಚಾ ಮೊದಲು ಬಿರುಕಿನ ಎರಡೂ ತುದಿಗಳಲ್ಲಿ ಒಂದೊಂದು ಸಣ್ಣ ತೂತು ಕೊರೆದರು. ಬಿರುಕಿನ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಸೇರುತ್ತದೆ. ತುದಿ ದುಂಡಗಾದರೆ ಒತ್ತಡ ಹರಡಿ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ನಂತರ ಬಣ್ಣ, ತುಕ್ಕು ಎಲ್ಲ ಉಜ್ಜಿ ಲೋಹ ಹೊಳೆಯುವಂತೆ ಮಾಡಿದರು. ಕೊಳವೆಯ ಆಕಾರಕ್ಕೆ ಬಾಗಿಸಿದ ಒಂದು ಉಕ್ಕಿನ ತಗಡನ್ನು ಬಿರುಕಿನ ಮೇಲೆ ಕೂರಿಸಿದರು. ಅದರ ತುದಿಗಳನ್ನು ಎಲೆಯಂತೆ ಚೂಪಾಗಿ ಕತ್ತರಿಸಿದ್ದರು. ತುದಿ ಚೌಕಾಕಾರವಿದ್ದರೆ ಅದೇ ಅಂಚಿನಲ್ಲಿ ಹೊಸ ಬಿರುಕು ಹುಟ್ಟುತ್ತದಂತೆ. ಬಿಳಿಗಾರದ ಪುಡಿ ಹಚ್ಚಿ, ಗ್ಯಾಸಿನ ಜ್ವಾಲೆಯಲ್ಲಿ ಕೊಳವೆ ಕೆಂಪಾಗುವವರೆಗೆ ಕಾಯಿಸಿ ಹಿತ್ತಾಳೆ ಕಡ್ಡಿ ಮುಟ್ಟಿಸಿದಾಗ ಹಿತ್ತಾಳೆ ನೀರಿನಂತೆ ಸಂದಿಯೊಳಗೆ ಹರಿಯಿತು. ನೀರು ಸುರಿಯದೆ ತಾನಾಗಿಯೇ ತಣಿಯಲು ಬಿಟ್ಟರು. ಮತ್ತೆ ದಾರ ಕಟ್ಟಿ ನೋಡಿದರು. ಬಣ್ಣ ಬಳಿದರು, ಆದರೆ ತೆಳುವಾಗಿ. ‘ದಪ್ಪ ಹಚ್ಚಿದ್ರ ಮತ್ತ ಬಿರುಕು ಬಿಟ್ರ ನಿನಗ ಕಾಣಂಗಿಲ್ಲ’ ಎಂದರು.

ದುಡ್ಡು ತೆಗೆದುಕೊಳ್ಳುವಾಗ ಒಂದು ಷರತ್ತು ಹಾಕಿದರು. ‘ಬೆಸಗಿ ಒಂದ ಸಲ. ಅದ ಜಾಗದಾಗ ಮತ್ತ ಬಿಟ್ರ ನನ್ನ ಕಡೆ ತರಬ್ಯಾಡ. ಇನ್ನೊಬ್ಬರ ಕಡೆನೂ ಒಯ್ಯಬ್ಯಾಡ. ಗುಜರಿಗೆ ಹಾಕು.’

ಬಿಡುವ ದಿನವನ್ನೂ ಬರೆದಿಡಿ

ಆ ಷರತ್ತು ನನಗೆ ಬೆಸುಗೆಯಷ್ಟೇ ಮುಖ್ಯವೆನಿಸಿತು. ರಿಪೇರಿ ಮಾಡಿಸುವುದೆಂದರೆ ‘ಇದನ್ನು ಎಂದಿಗೂ ಬಿಡುವುದಿಲ್ಲ’ ಎಂದಲ್ಲ. ‘ಇಲ್ಲಿಯವರೆಗೆ ಇಟ್ಟುಕೊಳ್ಳುತ್ತೇನೆ, ಹೀಗಾದರೆ ಬಿಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ಬಿರುಕು ಮತ್ತೆ ಕಂಡ ದಿನ ಕೂತು ಯೋಚಿಸಿದರೆ ಮನಸ್ಸು ಇನ್ನೊಂದು 450ಕ್ಕೆ, ಮತ್ತೊಂದು 450ಕ್ಕೆ ದಾರಿ ಹುಡುಕುತ್ತಲೇ ಇರುತ್ತದೆ. ಅದಕ್ಕೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ: ಅದೇ ಜಾಗದಲ್ಲಿ ಬಿರುಕು ಬಂದರೆ, ಫ್ರೇಮಿನ ಮುಂಭಾಗದಲ್ಲಿ ಎಲ್ಲೇ ಬಿರುಕು ಕಂಡರೆ, ದಾರದ ಅಂತರದಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಈ ಸೈಕಲ್ ಗುಜರಿಗೆ. ಅದಕ್ಕಾಗಿ ಈಗಿನಿಂದಲೇ ತಿಂಗಳಿಗೆ 200 ರೂಪಾಯಿ ತೆಗೆದಿಡುತ್ತಿದ್ದೇನೆ.

ಸಪ್ತಾಪುರದ ಲೈಬ್ರರಿಗಳಲ್ಲಿ ಕೂರುವ ನಮ್ಮೆಲ್ಲರಿಗೂ ಇಂಥ ಒಂದು ಪುಟ ಬೇಕು ಎನಿಸುತ್ತದೆ. ಮೂರನೇ ಪ್ರಯತ್ನ, ನಾಲ್ಕನೇ ಪ್ರಯತ್ನ ಎಂದು ಓದುತ್ತಿರುವವರಲ್ಲಿ ಎಲ್ಲಿಯವರೆಗೆ ಎಂದು ಗೊತ್ತು ಮಾಡಿಕೊಂಡವರು ಕಡಿಮೆ. ಇಷ್ಟು ವರ್ಷ ಹಾಕಿದ್ದೇವೆ ಎಂಬ ಒಂದೇ ಕಾರಣಕ್ಕೆ ಇನ್ನೊಂದು ವರ್ಷ ಹಾಕುತ್ತೇವೆ. ಪ್ರಯತ್ನ ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೇ ಬಿಟ್ಟಿಲ್ಲ. ಆದರೆ ಸೈಕಲ್ಲಿನ ಷರತ್ತುಗಳ ಕೆಳಗೆ ನನ್ನದೂ ಒಂದು ಸಾಲು ಬರೆದುಕೊಂಡಿದ್ದೇನೆ. 2026ರ ಡಿಸೆಂಬರ್‌ವರೆಗೆ ಪೂರ್ಣ ಮನಸ್ಸಿನಿಂದ ಓದು. ಅಷ್ಟರಲ್ಲಿ ಆಗದಿದ್ದರೆ ಬಿ.ಇಡಿ. ಮಾಡಿ ಶಾಲೆಯ ಕೆಲಸ ಹುಡುಕುವುದು. ಟ್ಯೂಷನ್ ಹೇಳಿಕೊಡುವಾಗ ನನಗೆ ಖುಷಿಯಾಗುತ್ತದೆ ಎಂಬುದು ಈ ಮೂರು ವರ್ಷಗಳಲ್ಲಿ ನನಗೆ ಗೊತ್ತಾಗಿದೆ. ಆ ಸಾಲು ಬರೆದ ಮೇಲೆ ಓದುವಾಗಿನ ಭಯ ಕಡಿಮೆಯಾಗಿದೆ.

ನಿಮ್ಮ ಸೈಕಲ್ಲಿನಲ್ಲಿ ಹೊಸ ಸದ್ದು ಕೇಳಿಸಿದರೆ ಈ ಭಾನುವಾರ ಅದನ್ನು ತಲೆಕೆಳಗು ಮಾಡಿ ಒರೆಸಿ ನೋಡಿ. ಹ್ಯಾಂಡಲ್ ಬುಡ, ಫೋರ್ಕ್, ಸೀಟಿನ ಕೊಳವೆಯ ಮೇಲ್ತುದಿ, ಅಚ್ಚಿನ ಗುಂಡಿನ ಸುತ್ತ, ಹಿಂದಿನ ಚಕ್ರ ಕೂರುವ ಜಾಗ, ಈ ಐದು ಕಡೆ ಬೆರಳಾಡಿಸಿ. ಬಣ್ಣ ಸುಕ್ಕಾಗಿದ್ದರೆ, ತುಕ್ಕಿನ ಗೆರೆ ಕಂಡರೆ ತುಳಿಯುವುದನ್ನು ಅಂದೇ ನಿಲ್ಲಿಸಿ, ತಳ್ಳಿಕೊಂಡು ಹೋಗಿ. ಬೆಲೆ ಕೇಳುವ ಮೊದಲು ಲೋಹ ಯಾವುದು, ಬಿರುಕು ಎಲ್ಲಿ, ಕಾರಣ ಏನು ಎಂದು ಕೇಳಿ. ಈ ಮೂರನ್ನು ನೋಡದೆ ಬೆಲೆ ಹೇಳುವವರ ಕೈಗೆ ಸೈಕಲ್ ಕೊಡಬೇಡಿ.

ನನ್ನ ಬೆಸುಗೆಗೆ ಈ ಡಿಸೆಂಬರಿನಲ್ಲಿ ಐದು ತಿಂಗಳು ತುಂಬಿತು. ಕಳೆದ ವಾರ ಸೀಮೆಸುಣ್ಣದ ಪುಡಿ ಹಚ್ಚಿ ನೋಡಿದೆ. ಪುಡಿ ಒಣಗಿಯೇ ಇತ್ತು.